ಹತ್ತು ಎಣಿಸುವವರೆಗೆ

ಒಂದು, ಎರಡು, ಮೂರು ಅಂತ ಬಾಯಿಬಿಡದೆ ಎಣಿಸುತ್ತ ಅವನು ಬಚ್ಚಲುಮನೆಯ ಗೋಡೆಗೆ ಮುಖ ಮಾಡಿಯೇ ನಿಂತಿದ್ದ. ಅಂಗೈಯಲ್ಲಿ ಪ್ಲಾಸ್ಟಿಕ್ ಕಪ್ಪು, ಕಪ್ಪಿನಲ್ಲಿ ಡ್ರೈವರಣ್ಣನ ಮೂತ್ರ. ಹತ್ತು ಎಣಿಸುವವರೆಗೆ ಹಿಡಿದುಕೊಂಡಿರಬೇಕು, ಅದು ಚಟ ಬಿಡಿಸುವ ಈ ಮನೆಯ ಪದ್ಧತಿ. ದುಡ್ಡಿದ್ದವರು ಸೇರುವ ಇಂಥ ಜಾಗಗಳಲ್ಲಿ ಕಪ್ಪಿಗೇ ಒಂದು ಚೀಟಿ ಅಂಟಿಸಿರುತ್ತಾರಂತೆ, ಬಿಸಿ ತಗುಲಿದರೆ ಬಣ್ಣ ತಿರುಗುತ್ತದಂತೆ. ಇಲ್ಲಿಗೆ ಬರುವುದು ಅಗ್ಗದ ಕಪ್ಪು, ಆದ್ದರಿಂದ ಚೀಟಿಯ ಕೆಲಸವನ್ನು ಸಾಕ್ಷಿ ನಿಂತವನ ಅಂಗೈ ಮಾಡಬೇಕು. ಮೈಯೊಳಗಿಂದ ಈಗ ತಾನೇ ಬಂದದ್ದು ಬೆಚ್ಚಗಿರುತ್ತೆ, ಬಚ್ಚಿಟ್ಟು ತಂದದ್ದು ತಣ್ಣಗಿರುತ್ತೆ, ಇದನ್ನ ತಿಳಿಯೋಕೆ ಯಾರೂ ಡಾಕ್ಟರಿಕೆ ಓದಬೇಕಾಗಿಲ್ಲ ಎಂದು ವಾರ್ಡನ್ ಮೊದಲ ದಿನವೇ ಹೇಳಿದ್ದರು. ಐದು, ಆರು. ತಣ್ಣಗಿತ್ತು. ನಲ್ಲಿ ನೀರಿನಷ್ಟಲ್ಲ, ಕಿಟಕಿಯಲ್ಲಿಟ್ಟು ಮರೆತ ಚಹಾದಷ್ಟು. ಅಥವಾ ಹಾಗೆ ಅನಿಸಿತು. ಅವನ ಬೆರಳುಗಳನ್ನು ಅವನೇ ನಂಬುವ ಹಾಗಿರಲಿಲ್ಲ. ಹದಿನಾಲ್ಕು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಕಡೆದ ಕಬ್ಬಿಣದಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಹೆಬ್ಬೆರಳು ಸವರಿ ಹೇಳುತ್ತಿದ್ದ ಕೈ ಅದು. ಕುಡಿತ ಮೊದಲು ತಿಂದದ್ದು ಆ ಬೆರಳುಗಳನ್ನೇ. ಈಗ ತುದಿಗಳಲ್ಲಿ ಸದಾ ಜೋಮು, ಬಿಸಿ ಲೋಟ ಹಿಡಿದರೂ ಸುಟ್ಟಮೇಲೆ ತಿಳಿಯುತ್ತದೆ. ಏಳು, ಎಂಟು. ಆದರೆ ಕಣ್ಣಿಗೇನಾಗಿದೆ? ಕಣ್ಣು ನೆಟ್ಟಗಿದೆಯಲ್ಲ. ಕಪ್ಪಿನೊಳಗಿನ ಬಣ್ಣ ಹಳದಿ, ಉಚ್ಚೆಗೆ ಇರುವ ಹಳದಿಯಲ್ಲ, ಬಣ್ಣದಂಗಡಿಯ ಡಬ್ಬದಿಂದ ಸುರಿದಂಥ ಹಳದಿ. ಒಂಬತ್ತು, ಹತ್ತು.

"ಆಯ್ತಾ ತಮ್ಮಾ? ಇಲ್ಲಾ ಮಂತ್ರ ಇನ್ನೂ ಬಾಕಿ ಇದೆಯಾ?" ಎಂದ ಡ್ರೈವರಣ್ಣ, ಪ್ಯಾಂಟಿನ ಜಿಪ್ಪು ಎಳೆದುಕೊಳ್ಳುತ್ತ.

"ಆಯ್ತಣ್ಣ" ಎಂದು ಇವನು ಹೇಳಿದ. ಇಷ್ಟೇ. ಐದಾರು ವರ್ಷದಿಂದ ಹೆಂಡತಿಗೆ, ಮೇಸ್ತ್ರಿಗೆ, ಅಕ್ಕನಿಗೆ ಹೇಳಿದ ಸುಳ್ಳುಗಳಿಗೆ ಎಷ್ಟೊಂದು ತಯಾರಿ ಬೇಕಾಗಿತ್ತು, ಇದಕ್ಕೆ ಏನೂ ಬೇಕಾಗಲಿಲ್ಲ.

ಗೋಡೆಯ ಕಡೆ ತಿರುಗಿದ್ದೇ ತಪ್ಪು. ತಿರುಗಬಾರದು, ನೋಡುತ್ತಲೇ ಇರಬೇಕು, ಸಾಕ್ಷಿ ಅಂದರೆ ಅದೇ. ಆದರೆ ಡ್ರೈವರಣ್ಣ ಕಪ್ಪು ಹಿಡಿದುಕೊಂಡು ಒಂದು ನಿಮಿಷ ಸುಮ್ಮನೆ ನಿಂತು, "ನೀನು ಹಿಂಗೆ ನೋಡ್ತಾ ನಿಂತ್ರೆ ಬರೋದೂ ಒಳಗೇ ಹೋಗುತ್ತೆ ಕಣೋ. ನನ್ನ ಕೊನೇ ತಮ್ಮನ ವಯಸ್ಸು ನಿಂದು. ಸ್ವಲ್ಪ ಆ ಕಡೆ ತಿರುಗು" ಅಂದಿದ್ದ. ಐವತ್ತು ದಾಟಿದ ಗಂಡಸು, ಬೆನ್ನು ಬಾಗಿಸಿ, ಚಡ್ಡಿ ಇಳಿಸಿಕೊಂಡು, ತನಗಿಂತ ಇಪ್ಪತ್ತು ವರ್ಷ ಚಿಕ್ಕವನ ಎದುರಿಗೆ ನಿಂತು ಬೇಡಿಕೊಂಡರೆ ಯಾವನು ನೋಡುತ್ತಾನೆ? ವಾರ್ಡನ್ ನೋಡುತ್ತಿದ್ದರು. ಅವರಿಗೆ ಹನ್ನೊಂದು ವರ್ಷವಾಗಿದೆ ಕುಡಿತ ಬಿಟ್ಟು, ಮರ್ಯಾದೆ ಅನ್ನುವುದನ್ನೂ ಅದರ ಜೊತೆಗೇ ಬಿಟ್ಟಿದ್ದಾರೆ. ಇವನಿಗೆ ಇವತ್ತಿಗೆ ತೊಂಬತ್ತೊಂದನೇ ದಿನ, ಮರ್ಯಾದೆ ಇನ್ನೂ ಸ್ವಲ್ಪ ಉಳಿದಿತ್ತು, ಹಾಳಾದ್ದು ಅದೇ ಕೈಕೊಟ್ಟಿತು.

ಆಫೀಸು ಕೋಣೆಯಲ್ಲಿ ವಾರ್ಡನ್ ಕಪ್ಪಿನೊಳಗೆ ಪಟ್ಟಿ ಅದ್ದಿ ಐದು ನಿಮಿಷ ಗಡಿಯಾರ ನೋಡಿದರು. ಅವರ ತಲೆಯ ಮೇಲೆ ಗೋಡೆಗೆ ಬರೆದಿತ್ತು, ಇವತ್ತು ಒಂದು ದಿನ ಸಾಕು, ಎಂದು. ಬರೆದವನು ಮೊದಲು ಇಲ್ಲಿದ್ದ ಒಬ್ಬ ಪೇಂಟರು, ಬರೆದ ವಾರಕ್ಕೇ ಓಡಿಹೋದನಂತೆ. ಪಟ್ಟಿಯಲ್ಲಿ ಎಲ್ಲಾ ಗೆರೆಗಳೂ ಎರಡೆರಡು ಮೂಡಿದವು. ಎರಡು ಗೆರೆ ಅಂದರೆ ಶುದ್ಧ. "ಡ್ರೈವರೇ, ನಿಮ್ಮದು ಗಂಗೆ" ಎಂದು ನಕ್ಕು ವಾರ್ಡನ್ ರಿಜಿಸ್ಟರನ್ನು ಇವನ ಕಡೆ ತಿರುಗಿಸಿದರು. ನಾನು ಕಣ್ಣಾರೆ ನೋಡಿದ್ದೇನೆ, ಅಂಗೈಯಲ್ಲಿ ಹಿಡಿದಿದ್ದೇನೆ, ಬೆಚ್ಚಗಿತ್ತು ಎಂದು ಅಚ್ಚು ಹಾಕಿದ ಸಾಲಿನ ಕೆಳಗೆ ಸಹಿ. ಅವನು ಹಾಕಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಸಹಿ, ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ, ಯಾರು ಬೇಕಾದರೂ ಓದಬಹುದಾದ ಹಾಗೆ.

ಆ ಹಳದಿ ಯಾರದು ಎಂದು ಅವನಿಗೆ ಗೊತ್ತಿತ್ತು. ಈ ಮನೆಯಲ್ಲಿರುವ ಹತ್ತು ಜನರಲ್ಲಿ ನರಕ್ಕೆ ಅಂತ ಕೆಂಪು ಮಾತ್ರೆ ನುಂಗುವವನು ತಾನೊಬ್ಬನೇ. ಆ ಮಾತ್ರೆ ತಿಂದರೆ ಮೂತ್ರ ಹೀಗೇ ಬರುತ್ತದೆ. ಎರಡು ತಿಂಗಳಿಂದ ಜೊತೆಯಲ್ಲಿರುವ ಟೈಲರ್ ಅದನ್ನೇ ಹಿಡಿದು ಗೇಲಿ ಮಾಡುತ್ತಾನೆ, "ನಿನ್ನ ಕರ್ಕೊಂಡು ಹೋಗಿ ಗೋಡೆಗೆ ನಿಲ್ಲಿಸಿದ್ರೆ ಪೇಂಟ್ ಉಳಿಯುತ್ತೆ ಮಾರಾಯ" ಅಂತ. ನಿನ್ನೆ ಬೆಳಿಗ್ಗೆ ಕಪ್ಪು ಕೊಡುವ ಸರದಿ ತನ್ನದು, ಡ್ರೈವರಣ್ಣನೇ ಸಾಕ್ಷಿ. ಇಬ್ಬಿಬ್ಬರದು ಒಂದೊಂದು ಜೋಡಿ, ಒಬ್ಬನಿಗೆ ಇನ್ನೊಬ್ಬ ಸಾಕ್ಷಿ, ಜೋಡಿಯಲ್ಲಿ ಯಾರು ತಪ್ಪಿದರೂ ಇಬ್ಬರೂ ಅವತ್ತೇ ಚೀಲ ಹಿಡಿದು ಗೇಟು ದಾಟಬೇಕು. ನಿನ್ನೆ ಪಟ್ಟಿ ನೋಡಿ ಆದಮೇಲೆ ಕಪ್ಪು ಚೆಲ್ಲಲು ಅವನು ಹೊರಟಾಗ ಡ್ರೈವರಣ್ಣ ಭುಜದ ಮೇಲೆ ಕೈಯಿಟ್ಟು, "ಕೊಡಿಲ್ಲಿ, ನಾನು ಚೆಲ್ತೀನಿ. ನೀನು ಹೋಗಿ ಕ್ಷೌರ ಮಾಡಿಸ್ಕೋ. ನಾಳೆ ಮಗಳು ಬರ್ತಾಳೆ, ಕರಡಿ ಹಂಗಿದೀಯಾ" ಎಂದಿದ್ದ. ಕಣ್ಣು ತುಂಬಿ ಬಂದಿತ್ತು ಇವನಿಗೆ. ಅಪ್ಪ ಸತ್ತಮೇಲೆ ಯಾರೂ ಹಾಗೆ ಭುಜ ಮುಟ್ಟಿರಲಿಲ್ಲ. ಈಗ ಬ್ರೆಡ್ಡಿಗೆ ಜಾಮು ಸವರುತ್ತ ಊಟದ ಬೆಂಚಿನಲ್ಲಿ ಕೂತಾಗ ಆ ಭುಜವನ್ನೇ ಕಿತ್ತು ಎಸೆಯಬೇಕು ಅನಿಸಿತು. ಕಣ್ಣೀರು ಬಂದಿತ್ತಲ್ಲ, ಅದಕ್ಕೆ ಹೆಚ್ಚು ಸಿಟ್ಟು ಬಂತು. ತನ್ನ ತೊಂಬತ್ತು ದಿನದ ನಡುಕ, ಬೆವರು, ಹಲ್ಲು ಕಚ್ಚಿ ತಡೆದ ಸಂಜೆಗಳು, ಎಲ್ಲ ಸೋಸಿ ಬಂದ ಒಂದು ಕಪ್ಪಿನಷ್ಟು ನೀರನ್ನು ಡ್ರೈವರಣ್ಣ ಬಾಟಲಿಯಲ್ಲಿ ತುಂಬಿಟ್ಟುಕೊಂಡು ತನ್ನದು ಅಂತ ಕೊಟ್ಟುಬಿಟ್ಟ. ಎದುರಿಗೇ ಕೂತು ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದಾನೆ. ಐದನೆಯದನ್ನೂ ಹಾಕಿದ. ಮೂಗಿನ ಪಕ್ಕ ಉಗುರಿನಿಂದ ತುರಿಸಿಕೊಂಡ.

ಡ್ರೈವರಣ್ಣ ಕುಡಿಯುವವನಲ್ಲ. ಅವನದು ನೋವಿನ ಮಾತ್ರೆ. ಇಪ್ಪತ್ತೈದು ವರ್ಷ ಲಾರಿ ಓಡಿಸಿ ಬೆನ್ನುಮೂಳೆ ಸವೆದು, ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಹನ್ನೆರಡು. ಕುಡಿದವನನ್ನು ಮೂಗಿನಿಂದ ಹಿಡಿಯಬಹುದು, ಇದಕ್ಕೆ ವಾಸನೆಯೇ ಇಲ್ಲ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತೆ, ಮೂಗು ತುರಿಸುತ್ತೆ, ಸಿಹಿ ಬೇಕು ಅನಿಸುತ್ತೆ, ಹತ್ತು ಮಾತಿಗೊಂದು ಸಲ ರೆಪ್ಪೆ ತಾನಾಗಿ ಇಳಿಯುತ್ತೆ, ಹಂಗೆ ಇಳಿದಾಗಲೇ ತಾನೊಂದು ಸಲ ಸೇತುವೆಯ ಕಂಬಕ್ಕೆ ಲಾರಿ ಗುದ್ದಿದ್ದು, ಕ್ಲೀನರ್ ಉಳಿಯಲಿಲ್ಲ. ಇದನ್ನೆಲ್ಲ ಹೇಳಿದ್ದು ಡ್ರೈವರಣ್ಣನೇ, ಗುಂಪು ಕೂತಾಗ, ಅಳುತ್ತ. ಒಂಬತ್ತು ಜನ ಚಪ್ಪಾಳೆ ಹೊಡೆದಿದ್ದರು. ಇಲ್ಲಿ ಏನು ಹೇಳಿದರೂ ಚಪ್ಪಾಳೆ. ತಾಯಿಯ ಕಿವಿಯೋಲೆ ಕದ್ದೆ ಅಂದರೆ ಚಪ್ಪಾಳೆ, ಒಬ್ಬನನ್ನು ಸಾಯಿಸಿದೆ ಅಂದರೆ ಇನ್ನೂ ಜೋರಾಗಿ ಚಪ್ಪಾಳೆ.

ಇವತ್ತು ಮನೆಯವರು ಬರುವ ಭಾನುವಾರ. ತೊಂಬತ್ತು ದಿನ ಮುಗಿಸಿದವರಿಗೆ ಮಾತ್ರ. ಈ ಮನೆ ಊರಿಂದ ಆರು ಕಿಲೋಮೀಟರ್ ಆಚೆ, ಹಳೇ ಗೋದಾಮಿನ ಕಟ್ಟಡ, ಬಸ್ಸು ಬರುವುದಿಲ್ಲ. ಬಂದವರನ್ನು ಬಸ್‌ಸ್ಟ್ಯಾಂಡಿನಿಂದ ಮನೆಯ ವ್ಯಾನಿನಲ್ಲೇ ಕರೆತರಬೇಕು, ಸಂಜೆ ಬಿಟ್ಟು ಬರಬೇಕು. ದಾರಿಯಲ್ಲಿ ಒಂದು ರೈಲ್ವೆ ಗೇಟು, ಅದಾದ ಮೇಲೆ ಕಲ್ಲು ಕ್ವಾರಿಯ ಲಾರಿಗಳು ತಲೆಕೆಟ್ಟವರ ಹಾಗೆ ಇಳಿದುಬರುವ ಇಳಿಜಾರು. ವ್ಯಾನಿಗೆ ಇರುವವನು ಒಬ್ಬನೇ ಡ್ರೈವರು, ಅದಕ್ಕೇ ಅವನ ಕಪ್ಪಿನ ಪರೀಕ್ಷೆ ಭಾನುವಾರ ಬೆಳಿಗ್ಗೆ. ಹತ್ತೂವರೆಗೆ ವ್ಯಾನು ಹೊರಡುತ್ತದೆ. ಹನ್ನೊಂದರ ಬಸ್ಸಿಗೆ ಇವನ ಹೆಂಡತಿ, ಮಗಳು ಇಳಿಯುತ್ತಾರೆ. ಹೆಂಡತಿ ಫೋನಿನಲ್ಲಿ, "ಇದು ಮೂರನೇ ಜಾಗ. ನಾಲ್ಕನೇದು ನಾನು ಹುಡುಕಲ್ಲ. ಬಂದು ನೋಡ್ತೀನಿ, ನೋಡಿದ ಮೇಲೆ ಹೇಳ್ತೀನಿ" ಎಂದಿದ್ದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿ.

ಹತ್ತು ಗಂಟೆಗೆ ಅವನು ಅಂಗಳಕ್ಕೆ ಹೋದ. ಡ್ರೈವರಣ್ಣ ವ್ಯಾನಿಗೆ ನೀರು ಹೊಡೆಯುತ್ತಿದ್ದ. ತೊಳೆದ ಜಾಗವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ, ಪೈಪು ಕೈಯಲ್ಲಿದೆ ಅನ್ನುವುದನ್ನು ಮರೆತವನ ಹಾಗೆ.

"ಅಣ್ಣಾ, ಕಪ್ಪು ತಣ್ಣಗಿತ್ತು."

"ಹೂಂ?"

"ಬೆಳಿಗ್ಗೆ. ತಣ್ಣಗಿತ್ತು. ಬಣ್ಣ ನಂದು."

ಡ್ರೈವರಣ್ಣ ಪೈಪು ಕೆಳಗೆ ಹಾಕಲಿಲ್ಲ, ಸಿಟ್ಟಾಗಲೂ ಇಲ್ಲ. ಮಗು ಏನೋ ತೊದಲಿದರೆ ನಗುವ ಹಾಗೆ ನಕ್ಕ. "ನಿನ್ನ ಬೆರಳಿಗೆ ಬಿಸಿ ತಣ್ಣಗೆ ಯಾವಾಗಿಂದ ತಿಳಿಯೋಕೆ ಶುರುವಾಯ್ತು? ಮೊನ್ನೆ ಬಾಣಲೆ ಬರಿಗೈಲಿ ಎತ್ತಿದೆಯಲ್ಲೋ."

"ಬಣ್ಣ?"

"ಬಣ್ಣ." ಡ್ರೈವರಣ್ಣ ನೀರನ್ನು ಚಕ್ರದ ಕಡೆ ತಿರುಗಿಸಿದ. "ನೋಡು ತಮ್ಮಾ. ಎರಡೇ ಎರಡು. ಬೆನ್ನು ಎದ್ದು ಕೂರೋಕೆ ಬಿಡ್ತಿರಲಿಲ್ಲ. ಎರಡು ನನಗೆ ಯಾವ ಲೆಕ್ಕ? ಹನ್ನೆರಡು ತಿಂದು ಘಾಟಿ ಇಳಿಸಿದೀನಿ."

"ಇವತ್ತು ನನ್ನ ಮಗಳು ಕೂರ್ತಾಳೆ ಅಣ್ಣ ಅದರಲ್ಲಿ."

"ಗೊತ್ತು. ಅದಕ್ಕೇ ತೊಳೀತಾ ಇದೀನಿ." ಪಾಪೆಗಳು ಬಿಸಿಲಿಗೆ ಚಿಕ್ಕವಾಗಿದ್ದವೋ ಬೇರೆಯದಕ್ಕೋ, ಹೇಳುವ ಹಾಗಿರಲಿಲ್ಲ. "ಹೋಗು, ವಾರ್ಡನ್‌ಗೆ ಹೇಳು. ನಾನು ಬೇಡ ಅನ್ನಲ್ಲ. ಹನ್ನೊಂದು ಗಂಟೆಗೆ ನಾವಿಬ್ಬರೂ ಚೀಲ ಹಿಡ್ಕೊಂಡು ಗೇಟಲ್ಲಿ ನಿಂತಿರ್ತೀವಿ. ನಿನ್ನ ಹೆಂಡತಿ ಬಂದು ನೋಡ್ತಾಳೆ. ನಾನಾದ್ರೆ ಯಾರೂ ನೋಡೋರಿಲ್ಲ ಬಿಡು. ನೀನು ಏನ್ ನೋಡಿದೆ ಅಂತ ಕೇಳ್ತಾರೆ. ಏನ್ ಹೇಳ್ತೀಯಾ? ಗೋಡೆ ನೋಡಿದೆ ಅಂತೀಯಾ?"

ಅವನು ಆಫೀಸಿನವರೆಗೆ ನಡೆದ. ಬಾಗಿಲ ಚಿಲಕದ ಮೇಲೆ ಕೈಯಿಟ್ಟ. ಒಳಗೆ ವಾರ್ಡನ್ ಫೋನಿನಲ್ಲಿ ಯಾರಿಗೋ, "ನಮ್ಮಲ್ಲಿ ಒಬ್ಬರನ್ನ ಒಬ್ಬರು ಕಾಯ್ತಾರೆ ಸಾರ್, ಅದೇ ನಮ್ಮ ವಿಶೇಷ" ಎನ್ನುತ್ತಿದ್ದರು. ಫೋನು ಮುಗಿಯಲಿ ಎಂದುಕೊಂಡ. ಮುಗಿಯಿತು. ಇನ್ನೊಂದು ಬರಲಿ ಎಂದುಕೊಂಡನೇನೋ, ಕಾಯುತ್ತಲೇ ನಿಂತಿದ್ದ. ಹಿಂದೆ ಅಂಗಳದಲ್ಲಿ ವ್ಯಾನು ಎರಡು ಸಲ ಕೆಮ್ಮಿ ಹೊರಟ ಸದ್ದಾಯಿತು. ಕೈ ಇನ್ನೂ ಚಿಲಕದ ಮೇಲೇ ಇತ್ತು.

ಆಮೇಲಿನ ಒಂದೂಕಾಲು ಗಂಟೆ ಅವನು ಕಿಟಕಿ ಗಾಜು ಒರೆಸಿದ. ಭಾನುವಾರದ ಪಾಲಿಗೆ ಅವನಿಗೆ ಬಂದ ಕೆಲಸ ಅದು, ಹನ್ನೆರಡು ಕಿಟಕಿ, ಒದ್ದೆ ಪೇಪರು. ರಸ್ತೆ ಕಾಣುವ ಕಿಟಕಿಯನ್ನೇ ನಾಲ್ಕು ಸಲ ಒರೆಸಿದ. ಏನೂ ಆಗುವುದಿಲ್ಲ. ಎರಡು ಮಾತ್ರೆಗೆ ಏನಾಗುತ್ತೆ. ತಾನೇ ಎಷ್ಟು ಸಲ ಪೂರ್ತಿ ಬಾಟಲಿ ಇಳಿಸಿ ಸ್ಕೂಟರ್ ಓಡಿಸಿಲ್ಲ? ಒಂದು ಸಲ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಹೋಗಿದ್ದ, ಅವಳಿಗೆ ಆಗ ಐದು, ಕೈಯಲ್ಲಿ ಹೊಸ ಬಣ್ಣದ ಪೆನ್ಸಿಲ್ ಡಬ್ಬಿ. ದೊಡ್ಡ ರಸ್ತೆಯ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತು, ನಿಂತ, ಕಣ್ಣು ಮುಚ್ಚಿತು. ಮುಚ್ಚಿದ್ದು ಗೊತ್ತಾಗಿದ್ದು ಹಾರ್ನ್ ಸದ್ದಿಗೆ ತೆರೆದಾಗ. ಹಾರ್ನ್ ಒತ್ತಿದ್ದು ಮಗಳು. "ಅಪ್ಪಾ, ಹಸಿರು ಬಂತು" ಎಂದಳು. ಹಿಂದೆ ಬಸ್ಸು ನಿಂತಿತ್ತು, ಬಸ್ಸಿನವನು ಅಮ್ಮ ಅಕ್ಕ ಎಲ್ಲ ಸೇರಿಸಿ ಬಯ್ಯುತ್ತಿದ್ದ. ಮನೆ ತಲುಪಿದರು. ಏನೂ ಆಗಲಿಲ್ಲ. ಅವತ್ತು ರಾತ್ರಿ ಹೆಂಡತಿ ಬಾಗಿಲಲ್ಲೇ ನಿಂತು ಯಾವತ್ತಿನ ಹಾಗೆ ಮುಖ ಹತ್ತಿರ ತಂದು ಮೂಸಿದಾಗ, ಅವಳ ಮೂಗಿನ ಹೊಳ್ಳೆ ಅಗಲವಾಗುವುದನ್ನು ನೋಡುತ್ತ, ಏನು ಮೂಸ್ತೀಯೇ, ಮಗಳನ್ನ ತಂದು ಬಿಟ್ಟಿಲ್ವಾ ಎಂದು ಅವನೇ ಜೋರು ಮಾಡಿದ್ದ. ಏನೂ ಆಗದ ದಿನಗಳನ್ನು ಅವನು ಪದಕಗಳ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದ. ಇಲ್ಲಿರುವವರೆಲ್ಲ ಹಾಗೇ, ಡ್ರೈವರಣ್ಣನ ಹತ್ತಿರ ಇಪ್ಪತ್ತೈದು ವರ್ಷದ ಪದಕಗಳಿವೆ. ಕ್ಲೀನರ್ ಸತ್ತ ದಿನ ಒಂದೇ, ಉಳಿದದ್ದೆಲ್ಲ ಏನೂ ಆಗದ ದಿನ. ದೂರದಲ್ಲಿ ಯಾವುದೋ ಲಾರಿಯ ಬ್ರೇಕು ಕಿರುಚಿತು. ಒದ್ದೆ ಪೇಪರು ಕೈಯಲ್ಲೇ ಹಿಂಡಿಹೋಗಿ ನೀರು ಮೊಣಕೈವರೆಗೆ ಇಳಿಯಿತು. ಹನ್ನೊಂದೂ ಇಪ್ಪತ್ತು. ಹನ್ನೊಂದೂವರೆ. ಟೈಲರ್ ಪಕ್ಕಕ್ಕೆ ಬಂದು, "ಗಾಜು ತೂತಾಗುತ್ತೆ, ಬಿಡೋ. ಎಲ್ಲಿಗೆ ಹೋಗ್ತಾರೆ, ಬರ್ತಾರೆ" ಎಂದ. ಎಲ್ಲಿಗೆ ಹೋಗ್ತಾರೆ ಅಂದರೆ ಏನು ಅರ್ಥ ಎಂದು ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು.

ಹನ್ನೊಂದೂ ಮುಕ್ಕಾಲಿಗೆ ವ್ಯಾನು ಬಂತು. ಬಿಳಿ ವ್ಯಾನು, ಎಲ್ಲೂ ಗೀರಿಲ್ಲ. ಮಗಳು ಮುಂದಿನ ಸೀಟಿನಲ್ಲಿದ್ದಳು. ಡ್ರೈವರಣ್ಣ ಸುತ್ತಿ ಬಂದು ಬಾಗಿಲು ತೆರೆದು ಅವಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ, ಹೂವಿನ ಕುಂಡ ಇಳಿಸುವ ಹಾಗೆ. ಇವನು ಒದ್ದೆ ಪೇಪರನ್ನು ಕಿಟಕಿಯಲ್ಲೇ ಬಿಟ್ಟು ಅಂಗಳಕ್ಕೆ ಇಳಿದ. ನೋಡಿದೆಯಾ, ಏನೂ ಆಗಲಿಲ್ಲ. ಆ ಮಾತು ಮನಸ್ಸಿನಲ್ಲಿ ಬಂದ ಧಾಟಿ ಅವನಿಗೆ ಚೆನ್ನಾಗಿ ಪರಿಚಯದ್ದು, ಹಳೇ ಗೆಳೆಯ ಹೆಗಲ ಮೇಲೆ ಕೈ ಹಾಕಿದ ಹಾಗಿತ್ತು.

ಹೆಂಡತಿ ಹತ್ತಿರ ಬಂದಳು. ಇಬ್ಬರ ನಡುವೆ ಒಂದು ಮೊಳದ ಜಾಗ. ಅವಳ ಕತ್ತು ತಾನಾಗಿ ಮುಂದಕ್ಕೆ ಬಂತು, ಮೂಗಿನ ಹೊಳ್ಳೆ ಅಗಲವಾಯಿತು, ತಕ್ಷಣ ಅವಳಿಗೇ ನಾಚಿಕೆಯಾಗಿ ಹಿಂದೆ ಸರಿದಳು. "ಅಭ್ಯಾಸ" ಎಂದಳು.

"ಪರವಾಗಿಲ್ಲ" ಎಂದ ಅವನು. ಮೂಸಲಿ. ಎಷ್ಟು ಬೇಕಾದರೂ ಮೂಸಲಿ, ಇವತ್ತಿನ ಸುಳ್ಳಿಗೆ ವಾಸನೆಯಿಲ್ಲ.

ಊಟವಾದ ಮೇಲೆ ಎಲ್ಲರೂ ಹಾಲ್‌ನಲ್ಲಿ ಸುತ್ತಲೂ ಕುರ್ಚಿ ಹಾಕಿ ಕೂರಬೇಕು. ಮನೆಯವರ ಎದುರಿಗೆ ಪ್ರತಿಯೊಬ್ಬನೂ ತನ್ನ ಜೋಡಿಯ ಬಗ್ಗೆ ಎದ್ದುನಿಂತು ಮಾತಾಡಬೇಕು. ಇದೂ ವಾರ್ಡನ್ ಕಂಡುಹಿಡಿದದ್ದು. ಟೈಲರ್ ತನ್ನ ಜೋಡಿ ಗೊರಕೆ ಹೊಡೆಯುವ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದ. ಡ್ರೈವರಣ್ಣ ಎದ್ದು ನಿಂತಾಗ ಒಂದು ಗಳಿಗೆ ಕುರ್ಚಿಯ ಬೆನ್ನು ಹಿಡಿದುಕೊಂಡ. "ಈ ನನ್ನ ತಮ್ಮ" ಎಂದ, ಮೂಗು ತುರಿಸಿಕೊಂಡ, "ಬಾಯಿ ಇಲ್ಲದೋನು. ಆದ್ರೆ ನಾನು ನೆಟ್ಟಗೆ ನಿಂತಿದ್ರೆ ಇವನಿಂದ. ತಾಯೀ, ನಿಮ್ಮ ಯಜಮಾನ್ರಲ್ಲಿರೋ ಒಳ್ಳೇದರಲ್ಲಿ ಒಂದು ಪಾಲು ನಾನು ತಗೊಂಡಿದೀನಿ." ಹೆಂಡತಿ ತಲೆತಗ್ಗಿಸಿ ನಕ್ಕಳು. ಆ ಮಾತಿನೊಳಗಿದ್ದ ಬೆಳಗಿನ ಪ್ಲಾಸ್ಟಿಕ್ ಕಪ್ಪು ಅಲ್ಲಿ ಕೂತವರಲ್ಲಿ ಕಂಡದ್ದು ಇವನೊಬ್ಬನಿಗೇ. ಡ್ರೈವರಣ್ಣ ಇವನ ಕಡೆ ನೋಡಲೂ ಇಲ್ಲ. ಚಪ್ಪಾಳೆ.

ಈಗ ಅವನ ಸರದಿ. ಎದ್ದ. ಹೇಳಿಬಿಡಬೇಕು ಎಂದೇ ಎದ್ದದ್ದು. ಬಾಯಿ ತೆರೆದಾಗ ಹೆಂಡತಿಯ ಮುಖ ಕಂಡಿತು. ಅಲ್ಲಿ ಅಳತೆ ಇರಲಿಲ್ಲ. ಐದಾರು ವರ್ಷದಿಂದ ಅವಳು ಅವನನ್ನು ನೋಡುತ್ತಿದ್ದದ್ದೆಲ್ಲ ಅಳೆಯುವ ನೋಟ, ಕಣ್ಣು ಎಷ್ಟು ಕೆಂಪು, ನಡಿಗೆ ಎಷ್ಟು ಓರೆ, ಮಾತು ಎಷ್ಟು ದಪ್ಪ. ಇವತ್ತು ಅವಳು ಸುಮ್ಮನೆ ನೋಡುತ್ತಿದ್ದಳು, ಬೀದಿಯಲ್ಲಿ ಹೋಗುವವರು ಪರಿಚಯದವರನ್ನು ನೋಡುವ ಹಾಗೆ. ಅಷ್ಟು ಸಾಕಾಯಿತು. "ಅಣ್ಣ ಇಲ್ಲದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ" ಎಂದ. ಅದು ನಿಜವೂ ಹೌದು, ನಾಲಿಗೆ ಕತ್ತರಿಸಿ ಹಾಕಬೇಕಾದ ಮಾತೂ ಹೌದು. ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ಮಗಳು ಹೊಡೆದಳು.

ನಾಲ್ಕು ಗಂಟೆಗೆ ಹೊರಡಬೇಕಿತ್ತು. ಮೂರೂವರೆಗೆ ಮಗಳು ಅವನ ತೊಡೆಯ ಮೇಲೆ ಕೂತು ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಮಡಚಿ, "ಇದು ನೋಯುತ್ತಾ? ಇದು?" ಎಂದು ಆಟವಾಡುತ್ತಿದ್ದಳು. ಹೆಂಡತಿ ಪಕ್ಕದಲ್ಲಿ ಚೀಲಕ್ಕೆ ಡಬ್ಬಿ ತುಂಬಿಕೊಳ್ಳುತ್ತ, "ಮುಂದಿನ ತಿಂಗಳು ಮನೆಗೇ ಬನ್ನಿ. ಒಂದು ವಾರ ನೋಡೋಣ" ಎಂದಳು, ಚೀಲಕ್ಕೆ ಹೇಳಿದ ಹಾಗೆ. ಇದಕ್ಕಾಗಿಯೇ ತೊಂಬತ್ತೊಂದು ದಿನ.

"ಅಪ್ಪಾ, ಡ್ರೈವರ್ ಮಾಮ ತಮಾಷೆ ಗೊತ್ತಾ?" ಎಂದಳು ಮಗಳು. "ರೈಲ್ವೆ ಗೇಟ್ ಹಾಕಿದ್ರಲ್ಲ, ರೈಲು ಹೋಯ್ತು, ಗೇಟ್ ತೆಗೆದ್ರು, ಮಾಮ ನಿದ್ದೆ ಮಾಡ್ತಾ ಇದ್ರು. ಅಮ್ಮ ಹಿಂದೆ ಆಂಟಿ ಹತ್ರ ಮಾತಾಡ್ತಾ ಇದ್ಲು. ನಾನೇ ಹಾರ್ನ್ ಹೊಡೆದೆ. ಪೀಂ ಅಂತ. ಮಾಮ ಹೆದರಿಬಿಟ್ರು. ಆಮೇಲೆ, ಅಮ್ಮಂಗೆ ಹೇಳಬೇಡ ಪುಟ್ಟಿ ಅಂದ್ರು. ನಿಂಗೆ ಹೇಳಬಹುದಲ್ವಾ?"

ಅವಳು ಅವನ ಹೆಬ್ಬೆರಳನ್ನು ಮಡಚುತ್ತಿದ್ದಳು. ಅವನು ಅವಳನ್ನು ಕೆಳಗಿಳಿಸಿ ಎದ್ದು ನಿಂತ. "ವ್ಯಾನ್ ಬೇಡ" ಎಂದ. "ನಡ್ಕೊಂಡು ಹೋಗೋಣ. ನಾನೂ ಬರ್ತೀನಿ ಬಸ್‌ಸ್ಟ್ಯಾಂಡ್‌ವರೆಗೆ. ಮಗೂನ ಹೆಗಲ ಮೇಲೆ ಕೂರಿಸ್ಕೋತೀನಿ."

ಹೆಂಡತಿಯ ಕೈ ಚೀಲದೊಳಗೇ ನಿಂತಿತು. "ಗೇಟು ದಾಟಿದ್ರೆ ಅವತ್ತಿಗೆ ಮುಗೀತು ಅಂತ ನೀವೇ ಅಂದ್ರಲ್ಲ."

"ಮುಗೀಲಿ."

"ಬಸ್‌ಸ್ಟ್ಯಾಂಡ್ ಎದುರಿಗೇ ಬ್ರಾಂಡಿ ಅಂಗಡಿ ಇದೆ. ಬರುವಾಗ ನೋಡಿದೆ." ಅವಳ ಕಣ್ಣಿಗೆ ಅಳತೆ ವಾಪಸು ಬಂದಿತ್ತು. ಅವನ ಕಣ್ಣು, ಕೈ, ತುಟಿ. "ನಡುಗ್ತಾ ಇದೀರಿ."

"ಅವನು ಮಾತ್ರೆ ತಿಂದಿದಾನೆ ಕಣೇ. ಬೆಳಿಗ್ಗೆ ಕೊಟ್ಟ ಉಚ್ಚೆ ಅವನದ್ದಲ್ಲ, ನಂದು. ನಾನು ಗೋಡೆ ಕಡೆ ತಿರುಗಿದ್ದೆ. ಗೊತ್ತಿದ್ದೂ ಸಹಿ ಹಾಕಿದೆ."

ತನ್ನ ಬಾಯಿಂದ ಬರುತ್ತಿದ್ದ ಮಾತು ತನಗೇ ಹೇಗೆ ಕೇಳಿಸುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಇದಕ್ಕಿಂತ ಚೆಂದದ ಕತೆಗಳನ್ನು ಅವಳಿಗೆ ಹೇಳಿದ್ದಾನೆ, ಪರ್ಸು ಕದ್ದ ಕಳ್ಳನ ಕತೆ, ಸತ್ತೇಹೋದ ಗೆಳೆಯನ ಕತೆ, ಆ ಗೆಳೆಯ ಮುಂದಿನ ವಾರ ಮನೆಗೆ ಬಂದು ಕಾಫಿ ಕುಡಿದು ಹೋಗಿದ್ದ. ಹೆಂಡತಿ ಮಗಳ ಕೈ ಹಿಡಿದುಕೊಂಡಳು. "ಒಂದು ಗಂಟೆ ಹಿಂದೆ ಅಷ್ಟು ಜನರ ಮುಂದೆ ಅಣ್ಣ ಇಲ್ಲದಿದ್ರೆ ನಾನಿಲ್ಲ ಅಂದ್ರಿ. ನಾನು ಅದನ್ನ ನಂಬಲೋ ಇದನ್ನ ನಂಬಲೋ?" ಎಂದಳು ಮೆಲ್ಲಗೆ. "ಆ ಮನುಷ್ಯರು ದಾರಿಯುದ್ದಕ್ಕೂ ನಿಮ್ಮನ್ನ ಹೊಗಳಿದ್ರು ಕಣ್ರೀ." ಕಾಲಿಗೆ ಚಪ್ಪಲಿ ಸಿಕ್ಕಿಸಿ ಅಂಗಳಕ್ಕೆ ಇಳಿದಳು. ಅವನಿಂದ ದೂರ ಹೋಗಬೇಕಾದಾಗ ಅವಳು ನಡೆಯುವ ನಡಿಗೆ ಅದು, ಆತುರ ತೋರಿಸದ ಆತುರ. ಇವನಿಗಿಂತ ಆ ವ್ಯಾನು ವಾಸಿ ಎಂದು ಅವಳಿಗೆ ಅನಿಸುವ ಹಾಗೆ ಮಾಡಿದವನು ಇವನೇ. ಇಷ್ಟು ವರ್ಷದ ಕೆಲಸ, ಕಡೆದು ಕಡೆದು ಇವನೇ ಮಾಡಿದ ಕೆಲಸ.

ಆಫೀಸಿಗೆ ಓಡಿದ. ಈ ಸಲ ಚಿಲಕ ಹಿಡಿದು ನಿಲ್ಲಲಿಲ್ಲ. ವಾರ್ಡನ್ ಎಲ್ಲ ಕೇಳಿಸಿಕೊಂಡರು, ರಿಜಿಸ್ಟರ್ ತೆರೆದರು, ಬೆರಳಿಟ್ಟರು. "ಇದು ಯಾರ ಸಹಿ?"

"ನಂದು ಸಾರ್."

"ಮೇಲೆ ಏನಿದೆ ಓದು."

"ಗೋಡೆ ನೋಡಿದೆ ಸಾರ್ ನಾನು. ವ್ಯಾನ್ ನಿಲ್ಲಿಸಿ ಮೊದಲು."

ವಾರ್ಡನ್ ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಎಂಟು ಮನೆಗಳ ಜನ, ಹೆಂಗಸರು, ನಗುತ್ತ ವ್ಯಾನು ಹತ್ತುತ್ತಿದ್ದರು. "ಮನೆಯವರು ಹೊರಡೋ ಹೊತ್ತಿಗೆ ಎಲ್ಲರಿಗೂ ಹೀಗೇ ಆಗುತ್ತಪ್ಪ" ಎಂದರು, ಹನ್ನೊಂದು ವರ್ಷದ ತಾಳ್ಮೆಯ ದನಿಯಲ್ಲಿ. "ಸಂಜೆ ಕೂತು ಮಾತಾಡೋಣ. ಇಬ್ಬರನ್ನೂ ಕೂರಿಸ್ಕೋತೀನಿ. ಈಗ ಜನರ ಮುಂದೆ ಬೇಡ."

ಹೊರಗೆ ವ್ಯಾನು ಕೆಮ್ಮಿತು.

ಅವನು ಮೆಟ್ಟಿಲು ಹಾರಿ ಇಳಿದ. ವ್ಯಾನು ಗೇಟಿನ ಕಡೆ ಮೂಗು ಮಾಡಿತ್ತು, ಆಗಲೇ ಎರಡು ಮಾರು ಚಲಿಸಿತ್ತು. ಅವನು ಗೇಟಿಗೂ ವ್ಯಾನಿಗೂ ನಡುವೆ ಹೋಗಿ ನಿಂತು ಎರಡೂ ಅಂಗೈಗಳನ್ನು ಅದರ ಮುಸುಡಿಯ ಮೇಲೆ ಒತ್ತಿ ಹಿಡಿದ, ಕೈಯಲ್ಲೇ ತಡೆಯುವವನ ಹಾಗೆ. ವ್ಯಾನು ಜಗ್ಗಿ ನಿಂತಿತು. ಒಳಗೆ ಯಾರೋ ಅಯ್ಯೋ ಎಂದರು. ಗಾಜಿನಾಚೆ ಡ್ರೈವರಣ್ಣ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ, ಗುರುತು ಹತ್ತದವನ ಹಾಗೆ. ರೆಪ್ಪೆ ಇಳಿಯಿತು. ಮತ್ತೆ ಎದ್ದಿತು. ಪಕ್ಕದ ಸೀಟಿನಲ್ಲಿ ಮಗಳು ಇದು ಆಟವೆಂದುಕೊಂಡು ಕೈ ಬೀಸಿದಳು.

"ಪಕ್ಕಕ್ಕೆ ಬಾರೋ" ಎಂದು ಟೈಲರ್ ಹಿಂದಿನಿಂದ ಕೂಗಿದ. "ಹೆಂಡತಿ ಮುಂದೆ ಯಾಕೋ ಮರ್ಯಾದೆ ಕಳ್ಕೋತೀಯಾ."

ಒಂದು, ಎರಡು, ಮೂರು. ಅವನು ತನಗರಿವಿಲ್ಲದೆ ಎಣಿಸತೊಡಗಿದ್ದ. ಎಂಜಿನ್ನಿನ ನಡುಕ ಮೊಣಕೈವರೆಗೆ ಬಂತು. ಡ್ರೈವರಣ್ಣನ ಕಾಲು ಕೆಳಗೆ ಏನನ್ನೋ ಹುಡುಕುತ್ತಿತ್ತು, ಭುಜ ಅಲ್ಲಾಡುವುದು ಕಾಣುತ್ತಿತ್ತು, ಯಾವ ಪೆಡಲು ಸಿಗುತ್ತದೆ ಎನ್ನುವುದು ಕಾಣುತ್ತಿರಲಿಲ್ಲ. ನಾಲ್ಕು, ಐದು. ರೆಪ್ಪೆ ಮತ್ತೆ ಇಳಿಯಿತು, ಈ ಸಲ ಎದ್ದದ್ದು ತಡವಾಗಿ. ಮಗಳು ವಾಲಿ, ಕೈ ಚಾಚಿ, ಹಾರ್ನ್ ಒತ್ತಿದಳು. ಆ ಸದ್ದಿಗೆ ಹಿಂದಿನ ಸೀಟಿನಲ್ಲಿ ಹೆಂಡತಿ ತಲೆಯೆತ್ತಿದಳು. ಅವಳು ಅವನನ್ನು ನೋಡಲಿಲ್ಲ. ಡ್ರೈವರಣ್ಣನ ಮುಖ ಕಾಣುವ ಕನ್ನಡಿಯನ್ನು ನೋಡಿದಳು. ಅವಳ ಕತ್ತು ನಿಧಾನವಾಗಿ ಮುಂದಕ್ಕೆ ಬಂತು, ಆ ಅಳೆಯುವ ನೋಟ ಬೇರೊಬ್ಬನ ಮೇಲೆ ಬಿದ್ದದ್ದನ್ನು ಅವನು ಮೊದಲ ಸಲ ನೋಡಿದ. ಆರು. ಎಂಜಿನ್ ಒಮ್ಮೆಲೆ ಗರ್ಜಿಸಿತು. ಅವನು ಕೈ ತೆಗೆಯಲಿಲ್ಲ. ಜೋಮು ಹಿಡಿದ ಹತ್ತೂ ಬೆರಳುಗಳೊಳಗೆ, ತುದಿಯವರೆಗೆ, ಬಿಸಿ ಏರುತ್ತಿತ್ತು. ಸಂಶಯವೇ ಬೇಡ, ಇದು ಬಿಸಿ. ಏಳು, ಎಂಟು. ಬೆಳಿಗ್ಗೆ ಆ ಕಪ್ಪು ಹೀಗಿರಬೇಕಿತ್ತು.